ಅಕ್ಕನ ಪಾಲಿನ ಬಿಸಿ ರೊಟ್ಟಿ

ಚೌಡಾಪುರದಲ್ಲಿ ಬಸ್ಸು ನಿಲ್ಲುವ ಜಾಗದಿಂದ ಗಾಣಗಾಪುರದ ದಿಕ್ಕಿಗೆ ನಾಲ್ಕು ಹೆಜ್ಜೆ ನಡೆದರೆ ಕಲ್ಲಿನಾಥನ ಹಿಟ್ಟಿನ ಗಿರಣಿ. ಮೂವತ್ತು ವರ್ಷದಿಂದ ಊರಿನ ಜೋಳವೆಲ್ಲ ಅವನ ಕೈಮೇಲೆ ಹಾದು ಹಿಟ್ಟಾಗಿದೆ. ಚಿಟಿಕೆ ಹಿಟ್ಟನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, ಇದು ಈ ಸುಗ್ಗಿಯ ಜೋಳ, ಇದು ಹಳತು, ಇದರ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ ಎಂದು ಹೇಳಬಲ್ಲ. ಆದರೆ ಐವತ್ತೊಂದು ವರ್ಷ ತುಂಬುವ ತನಕ ಅವನು ಒಂದೇ ಒಂದು ರೊಟ್ಟಿ ಬಡಿದವನಲ್ಲ. ಬಡಿಯುವ ಪ್ರಸಂಗವೇ ಬಂದಿರಲಿಲ್ಲ. ಮನೆಯಲ್ಲಿ ಅಕ್ಕ ಗುರಮ್ಮ ಇದ್ದಳು.

ತಾಯಿ ತೀರಿಕೊಂಡಾಗ ಕಲ್ಲಿನಾಥನಿಗೆ ನಾಲ್ಕು ವರ್ಷ, ಗುರಮ್ಮನಿಗೆ ಹದಿನಾರು. ಅವಳನ್ನು ಆಗಲೇ ಲಗ್ನ ಮಾಡಿ ಜೇವರ್ಗಿಗೆ ಕೊಟ್ಟಿದ್ದರು. ಮುಂದೆ ಮೂರು ವರ್ಷದಲ್ಲಿ ಗಂಡ ತೀರಿಕೊಂಡ. ತವರಿಗೆ ಬಂದವಳು ತಮ್ಮನನ್ನು ಬಗಲಿಗೆ ಎಳೆದುಕೊಂಡು ಒಲೆಯ ಮುಂದೆ ಕುಳಿತಳು. ಹಾಗೆ ಕುಳಿತವಳು ನಾಲ್ವತ್ತು ವರ್ಷ ಏಳಲಿಲ್ಲ ಎಂದರೂ ನಡೆದೀತು. ಕಲ್ಲಿನಾಥನಿಗೆ ಎರಡು ಕಡೆ ಹೆಣ್ಣು ನೋಡಿದರು. ಎರಡೂ ಕಡೆಯವರು ಅಕ್ಕನ ವಿಷಯ ಎತ್ತಿದರು. "ಅಕ್ಕ ಎಲ್ಲಿಗೂ ಹೋಗಂಗಿಲ್ರಿ" ಎಂದ ಅವನು. ಮಾತು ಅಲ್ಲಿಗೇ ನಿಂತಿತು. ಅವನಿಗೆ ಅದರಿಂದ ದೊಡ್ಡ ನೋವೇನೂ ಆಗಲಿಲ್ಲ. ಗಿರಣಿ ಮುಚ್ಚಿ, ಮೈಮೇಲಿನ ಹಿಟ್ಟು ಕೊಡವಿ, ಮುಖ ತೊಳೆದು ಕುಳಿತರೆ ಸಾಕು, ಹಂಚಿನ ಮೇಲಿಂದ ರೊಟ್ಟಿ ನೇರ ತಾಟಿಗೆ ಬರುತ್ತಿತ್ತು. ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ. ಮೊದಲನೆಯದು ಮುಗಿಯುವಷ್ಟರಲ್ಲಿ ಎರಡನೆಯದು ಉಬ್ಬಿರುತ್ತಿತ್ತು.

ಹೋದ ವರ್ಷದ ಹಿಂದಿನ ಮುಂಗಾರಿನಲ್ಲಿ, ಒಂದು ಮುಂಜಾನೆ, ಹಿಟ್ಟು ನಾದುತ್ತಿದ್ದ ಗುರಮ್ಮ ಪರಾತದ ಮೇಲೆಯೇ ವಾಲಿದಳು. ಲಕ್ವಾ ಹೊಡೆದಿತ್ತು. ಕಲಬುರಗಿಯ ದವಾಖಾನೆಯಲ್ಲಿ ಹನ್ನೆರಡು ದಿನ ಇಟ್ಟು ಕಳಿಸಿದರು. ಕಾಲು ಎಳೆದೆಳೆದು ನಡೆಯುವಷ್ಟಾಯಿತು, ಮಾತು ತೊದಲುತ್ತ ಮರಳಿತು. ಬಲಗೈ ಮರಳಲಿಲ್ಲ.

ಮೊದಲ ನಾಲ್ಕು ತಿಂಗಳು ಕಲ್ಲಿನಾಥ ಕುಕ್ಕರಿನಲ್ಲಿ ಅನ್ನ ಇಟ್ಟ. ಮುಂಜಾನೆ ಹೋಟೆಲಿನಿಂದ ಪೂರಿ, ಸಂಜೆಗೆ ಮಿರ್ಚಿ ಭಜಿ, ಮಧ್ಯೆ ಹಸಿವಾದರೆ ಬಿಸ್ಕೀಟು, ಚಹಾ. ಅಕ್ಕ ಎಡಗೈಯಿಂದ ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದಳು. ಅವನೂ ಯಾಂತ್ರಿಕವಾಗಿ ನುಂಗುತ್ತಿದ್ದ. ಅಕ್ಕ ಒಲೆಯ ಮುಂದೆ ಕುಳಿತ ಹಾಗೆ ಅವನಿಗೆ ಕನಸು ಬೀಳುತ್ತಿತ್ತು. ಮಗ್ಗುಲ ಕೋಣೆಯಲ್ಲಿ ಅಕ್ಕ ಜೀವಂತ ಮಲಗಿರುವಾಗ ಅಕ್ಕನನ್ನು ನೆನೆದು ಅಳು ಬರುವುದು ಎಂಥ ವಿಚಿತ್ರ ಎಂದು ಅವನಿಗೇ ನಾಚಿಕೆಯಾಗುತ್ತಿತ್ತು.

ದೀಪಾವಳಿಯ ಮುಂಚೆ ಒಂದು ದಿನ ಗಿರಣಿಯಲ್ಲಿ ಅವನಿಗೆ ತಲೆ ತಿರುಗಿತು. ಓಡುತ್ತಿದ್ದ ಬೆಲ್ಟಿನ ಪಕ್ಕದಲ್ಲೇ ಕುಸಿದ. ಜೋಳ ಬೀಸಿಸಲು ಬಂದಿದ್ದ ಹೆಂಗಸರು ಕೂಗಿದರು. ಆರೋಗ್ಯ ಉಪಕೇಂದ್ರದ ನರ್ಸ್ ಜಯಮಾಲಾ ಓಡಿ ಬಂದು ಬೆರಳು ಚುಚ್ಚಿ ನೋಡಿದಳು. ಸಕ್ಕರೆ ಮುನ್ನೂರಾ ಹದಿನೆಂಟು.

"ಎಷ್ಟ ದಿನದಿಂದ ಅನ್ನಾ ಉಣ್ಣಾಕತ್ತೀರಿ, ಕಾಕಾ?"

"ಅಕ್ಕನ ಕೈ ಹೋದಾಗಿಂದ."

"ಅಕ್ಕಂದು ಬಿಪಿ, ನಿಮ್ಮದು ಸಕ್ರಿ. ಗುಳಿಗಿ ನಾ ಕೊಡ್ತೇನಿ, ಆದ್ರ ಗುಳಿಗಿ ಒಂದ ಏನ್ ಮಾಡ್ತದ್ರಿ? ಊರಿಗೆಲ್ಲ ಜ್ವಾಳ ಬೀಸಿ ಕೊಡ್ತೀರಿ, ನಿಮ್ಮನ್ಯಾಗ ಒಂದ ರೊಟ್ಟಿ ಇಲ್ಲಂದ್ರ ಹ್ಯಾಂಗ?"

ಆ ಮಾತು ಅವನಿಗೆ ಚುಚ್ಚಿದ್ದು ಸೂಜಿಗಿಂತ ಹೆಚ್ಚು.

ಗಿರಣಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಸರ್ವರಬೇಗಂ ರೊಟ್ಟಿ ಬಡಿದು ಮಾರುತ್ತಾಳೆ. ಗಾಣಗಾಪುರದ ಗುಡಿಗೆ ಹೋಗಿಬರುವವರು ಕಟ್ಟಿಸಿಕೊಂಡು ಹೋಗುತ್ತಾರೆ. ಕಲ್ಲಿನಾಥ ಆ ಸಂಜೆ ಅವಳಿಂದ ನಾಲ್ಕು ರೊಟ್ಟಿ, ಹೆಸರುಬೇಳೆ ಪಲ್ಯ ತಂದು ಅಕ್ಕನ ಮುಂದೆ ಇಟ್ಟ. ಗುರಮ್ಮ ಮುಟ್ಟಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿದಳು. ಅವಳ ಮನೆಗೆ ಹೊರಗಿನ ರೊಟ್ಟಿ ಹಿಂದೆ ಎಂದೂ ಬಂದಿರಲಿಲ್ಲ.

ಮರುದಿನ ಕಲ್ಲಿನಾಥ ಇದನ್ನು ಹೇಳಿದಾಗ ಸರ್ವರಬೇಗಂ ಬೇಸರಪಡಲಿಲ್ಲ. ಕೈ ತೊಳೆದು, ಸೆರಗು ಸರಿಮಾಡಿಕೊಂಡು, ನೇರ ಅವನ ಮನೆಗೆ ನಡೆದಳು. ಗುರಮ್ಮನ ಹೊರಸಿನ ಕೆಳಗೆ ನೆಲದ ಮೇಲೆ ಕುಳಿತು ಅವಳ ಸೆಟೆದ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಅಕ್ಕಾ, ನಾ ಲಗ್ನ ಆಗಿ ಈ ಊರಿಗೆ ಬಂದಾಗ ನನಗ ತೆಳ್ಳಗ ಬಡೀಲಿಕ್ಕ ಬರ್ತಿದ್ದಿಲ್ಲ. ನಿಮ್ಮ ಅಂಗಳದಾಗ ಕುಂತು ನೋಡಿ ಕಲ್ತೀನಿ. ನೆನಪದ?"

ನೆನಪಿದೆ ಎಂಬಂತೆ ಗುರಮ್ಮ ತಲೆಯಾಡಿಸಿದಳು. ಆಮೇಲೆ ಬಾಗಿಲಲ್ಲಿ ನಿಂತ ತಮ್ಮನ ಕಡೆ ಗದ್ದ ಎತ್ತಿ, ಒಂದೊಂದೇ ಅಕ್ಷರ ಕೂಡಿಸಿ ಹೇಳಿದಳು: "ಅವಗ… ಕಲಿಸು."

"ನನಗಾ?" ಎಂದ ಕಲ್ಲಿನಾಥ.

"ನಿನಗ" ಎಂದಳು ಸರ್ವರಬೇಗಂ. "ಅಕ್ಕನ ಹುಕುಂ ಆಗ್ಯದ. ಸೋಮವಾರ ಗಿರಣಿ ಬಂದ್ ಇರ್ತದಲ್ಲ, ಅವತ್ತ ಬರ್ತೇನಿ. ಹಂಚು ತಿಕ್ಕಿ ಇಡು."

ಸೋಮವಾರ ಗಿರಣಿ ನಿಲ್ಲಿಸಿ, ಸವೆದ ಬೀಸುವ ಕಲ್ಲಿಗೆ ಉಳಿ ಹೊಡೆದು ಹರಿತ ಮಾಡುವ ದಿನ. ಅಂದು ಮುಂಜಾನೆ ಬೇಗ ಕಲ್ಲಿನ ಕೆಲಸ ಮುಗಿಸಿ ಗಿರಣಿಯ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ. ಅಕ್ಕನ ಹೊರಸನ್ನು ಬೇವಿನ ನೆರಳಿಗೆ ತಂದ. ಸರ್ವರಬೇಗಂ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, "ನಾದು" ಎಂದಳು. ಮೂವತ್ತು ವರ್ಷ ಹಿಟ್ಟನ್ನು ಮುಟ್ಟಿದ ಕೈಗೆ ನೀರು ಕೂಡಿದ ಹಿಟ್ಟು ಅಪರಿಚಿತವಾಗಿತ್ತು. ಮೊದಲನೆಯ ರೊಟ್ಟಿ ನಡುವೆ ಹರಿಯಿತು. ಎರಡನೆಯದನ್ನು ಎತ್ತುವಾಗ ಅರ್ಧ ಕೈಯಲ್ಲಿ, ಅರ್ಧ ಪರಾತದಲ್ಲಿ. ಮೂರನೆಯದು ಹಂಚಿಗೇನೋ ಬಿದ್ದಿತು, ಆದರೆ ಮಡಚಿ ಬಿದ್ದಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕರು. ಬೆವರು, ಹೊಗೆ, ನಾಚಿಕೆ ಎಲ್ಲ ಕೂಡಿ ಅವನ ಕಣ್ಣಲ್ಲಿ ನೀರು ಬಂತು.

ನಕ್ಕವರಲ್ಲಿ ಭೀಮಶಾ ಒಬ್ಬ. ಸರಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಮಗಳ ಬಾಣಂತನಕ್ಕೆ ಹೆಂಡತಿ ಆಳಂದಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಅವನ ಹೊಟ್ಟೆ ಅಂಗಿಯ ಗುಂಡಿಗಳನ್ನು ದೂಡುತ್ತಿತ್ತು.

"ನಗಬ್ಯಾಡ್ರಿ ಭೀಮಶಾ" ಎಂದಳು ಸರ್ವರಬೇಗಂ. "ಮುಂಜಾನೆ ಏನ್ ತಿಂದೀರಿ, ಹೇಳ್ರಿ?"

"ಪೂರಿ."

"ನಿನ್ನೆ?"

ಭೀಮಶಾ ತಲೆ ಕೆರೆದುಕೊಂಡ. "ನಿನ್ನೀನೂ ಪೂರಿನ."

"ಹಂಗಾರ ಕೈ ತೊಳ್ಕೊಂಡ್ ಬರ್ರಿ."

ಅವನು ಬಂದೇಬಿಟ್ಟ. ಅವನ ರೊಟ್ಟಿ ಕಲ್ಲಿನಾಥನದಕ್ಕಿಂತ ಕೆಟ್ಟದಾಗಿತ್ತು. "ಮೂವತ್ತೆರಡು ವರ್ಷ ಸ್ಟೇರಿಂಗ್ ತಿರುವೀನಿ ಬೇ ಸರ್ವರಕ್ಕಾ, ಇದ ಯಾಕ ನನ್ನ ಮಾತ ಕೇಳವಲ್ದು!" ಎಂದು ಅವನು ಗೋಗರೆದಾಗ ಹೊರಸಿನ ಮೇಲಿಂದ ಒಂದು ಸದ್ದು ಬಂತು. ಗುರಮ್ಮ ನಕ್ಕಿದ್ದಳು. ಐದು ತಿಂಗಳಲ್ಲಿ ಅದೇ ಮೊದಲು.

ಆ ದಿನದ ಏಳನೆಯ ರೊಟ್ಟಿ ಉಬ್ಬಿತು. ಪೂರ್ತಿ ಅಲ್ಲ, ಒಂದು ಬದಿ. ಕಲ್ಲಿನಾಥ ಅದನ್ನು ಬೆರಳು ಸುಡುತ್ತಿದ್ದರೂ ಓಡುತ್ತ ಒಯ್ದು ಅಕ್ಕನ ತಾಟಿಗೆ ಹಾಕಿದ. ಅವಳು ಎಡಗೈಯಿಂದ ತುಂಡು ಮುರಿದು ಬಾಯಿಗಿಟ್ಟಳು. ಅಗಿಯುವುದನ್ನು ನಡುವೆಯೇ ನಿಲ್ಲಿಸಿದಳು. ಕಣ್ಣು ತುಂಬಿತು.

"ಸುಟ್ಟತೇನಕ್ಕಾ? ಕೆಟ್ಟ ಅದ?"

ಅವಳು ತಲೆ ಅಲ್ಲಾಡಿಸಿದಳು. "ಬಿಸಿ… ಅದ."

ಅವನಿಗೆ ಆ ಕ್ಷಣಕ್ಕೆ ತಿಳಿಯಿತು. ನಾಲ್ವತ್ತು ವರ್ಷ ಅವಳು ಹಂಚಿನ ರೊಟ್ಟಿಯನ್ನು ಅವನ ತಾಟಿಗೇ ಹಾಕುತ್ತ ಬಂದಿದ್ದಳು. ಅವನು ಎದ್ದ ಮೇಲೆ, ಒಲೆ ಆರಿದ ಮೇಲೆ, ಬುಟ್ಟಿಯ ತಳದಲ್ಲಿ ಉಳಿದದ್ದನ್ನು ತಿಂದಿದ್ದಳು. ಬಿಸಿ ರೊಟ್ಟಿಯ ರುಚಿ ಅವಳಿಗೆ ಅರವತ್ಮೂರಕ್ಕೆ ಸಿಕ್ಕಿತ್ತು, ಅದೂ ಒಂದೇ ಬದಿ ಉಬ್ಬಿದ್ದು. ಕಲ್ಲಿನಾಥ ತಿರುಗಿ ಒಲೆಯ ಮುಂದೆ ಕುಳಿತು ಮತ್ತೊಂದು ಉಂಡೆ ಕೈಗೆತ್ತಿಕೊಂಡ.  ಅದನ್ನು ಅಂಚಿನವರೆಗೂ ತೆಳ್ಳಗೆ ಬಡಿಯಲು ನೋಡಿದ.

ಅಲ್ಲಿಂದ ಸೋಮವಾರ ಎಂದರೆ ಗಿರಣಿಯ ಅಂಗಳ ಎಂದಾಯಿತು. ಜಯಮಾಲಾ ಬಿಪಿ ಮಶಿನ್ ಅಲ್ಲಿಗೇ ತಂದಳು, ಯಾಕೆಂದರೆ ಜನ ಉಪಕೇಂದ್ರಕ್ಕೆ ಬರಲು ಹೆದರುತ್ತಿದ್ದರು, ಗಿರಣಿಗೆ ಬರಲು ಯಾರು ಹೆದರುತ್ತಾರೆ? ಉಪ್ಪು ಕಡಿಮೆ ಹಾಕಿದ ಪಲ್ಯ ಯಾರ ಮನೆಯಲ್ಲಿ ರುಚಿಯಾಗುತ್ತದೆ, ಹುಣಸೆಹುಳಿ ಎಷ್ಟು ಹಿಂಡಬೇಕು ಎಂಬ ಮಾತು ಅಲ್ಲಿ ಗಂಟೆಗಟ್ಟಲೆ ನಡೆಯಿತು. ಒಬ್ಬಾಕೆ ಹೊಲದ ಬದುವಿನ ಹತ್ತರಕಿ ಸೊಪ್ಪು ಕಿತ್ತು ತಂದಳು. ಇನ್ನೊಬ್ಬಾಕೆ ಮನೆಯಲ್ಲಿ ಯಾರೂ ಕೇಳದೆ ಉಳಿದಿದ್ದ ಸಜ್ಜೆಯನ್ನು ಹಿಂದಿನ ದಿನವೇ ಬೀಸಿಸಿ ತಂದಳು. ಬಿಸಿಲೇರುವ ಮುಂಚೆ ಐದಾರು ಜನ ಗಾಣಗಾಪುರದ ರಸ್ತೆಗುಂಟ ನಡೆದು ಬರುವುದು ರೂಢಿಯಾಯಿತು. ಭೀಮಶಾ ಮುಂದೆ, ಪ್ರತಿ ತಿರುವಿನಲ್ಲೂ ಕೈ ಹೊರಚಾಚಿ, ಹಿಂದೆ ಬಸ್ಸು ತುಂಬ ಜನ ಇದ್ದ ಹಾಗೆ. ಹೆಂಡತಿ ಆಳಂದದಿಂದ ಮರಳಿದಾಗ ಅವನ ಅಂಗಿ ಸಡಿಲಾಗಿತ್ತು. "ಇವ್ರು ರೊಟ್ಟಿ ಬಡಿದು ಹಾಕಿದ್ರು ನನಗ!" ಎಂದು ಅವಳು ಓಣಿಯೆಲ್ಲ ಹೇಳಿಕೊಂಡು ತಿರುಗಿದಳು.

ಕಲ್ಲಿನಾಥನ ಸಕ್ಕರೆ ಇಳಿಯಿತು. ಬೇಸಿಗೆಯ ಹೊತ್ತಿಗೆ ಜಯಮಾಲಾ ಗುಳಿಗೆಯೊಂದನ್ನು ಕಡಿಮೆ ಮಾಡಿದಳು. ಅಕ್ಕನ ಬಿಪಿಯೂ ಹದಕ್ಕೆ ಬಂತು. ಜನ ಅವನ ಬೆನ್ನು ತಟ್ಟಿದರು. ಅವನು ನಕ್ಕ, ಆದರೆ ಊಟಕ್ಕೆ ಕುಳಿತಾಗಲೆಲ್ಲ ಮೊದಲ ತುತ್ತಿನಲ್ಲಿ ಅವನ ನಾಲಿಗೆ ಬೇರೇನನ್ನೋ ಹುಡುಕುತ್ತಿತ್ತು. ಅದೇ ಜೋಳ, ಅದೇ ಗಿರಣಿ, ಅದೇ ಹಂಚು. ಅಕ್ಕನ ರೊಟ್ಟಿ ಅಲ್ಲ. ಸರ್ವರಬೇಗಂಳನ್ನು ಒಮ್ಮೆ ಕೇಳಿಯೇಬಿಟ್ಟ: "ಆಪಾ, ಏನ್ ಕಡಿಮಿ ಆಗಾಕತ್ಯದ?"

ಅವಳು ಉಂಡೆ ತಿರುವುತ್ತ ಹೇಳಿದಳು: "ನಮ್ಮ ಅಮ್ಮಾ ಹೋಗಿ ಹದಿನೆಂಟು ವರ್ಷ ಆತು. ನಾ ದಿನಾ ನೂರು ರೊಟ್ಟಿ ಬಡೀತೇನಿ, ಒಂದರಾಗೂ ಆಕಿ ಸಿಗವಲ್ಲಳು. ಬಡೀತಾ ಹೋಗು, ಭಾಯಿ."

ಮುಂದಿನ ಎಳ್ಳ ಅಮಾವಾಸ್ಯೆಗೆ ಭೀಮಶಾ ಎಲ್ಲರನ್ನೂ ಗೊಬ್ಬೂರಿನ ತನ್ನ ಹೊಲಕ್ಕೆ ಕರೆದ. ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಗುರಮ್ಮನನ್ನು ಮಡಚಿದ ಹಾಸಿಗೆಯ ಮೇಲೆ ಕೂರಿಸಿಕೊಂಡು ಹೋದರು. ಎದೆಯೆತ್ತರದ ಜೋಳ, ಬಾಡುತ್ತಿರುವ ತೊಗರಿ, ನಡುವೆ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಗಂಡಸರ ಕೂಗು. ಕಂಬಳಿಯ ಮೇಲೆ ಮನೆಮನೆಯ ಬುಟ್ಟಿ ಬಿಚ್ಚಿದರು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಹಸಿ ಕಾಳುಗಳ ಭಜ್ಜಿ, ಕಡಬು, ಅಂಬಲಿ. ಎಲ್ಲರ ರೊಟ್ಟಿ ಒಂದೇ ರಾಶಿಯಾಯಿತು.

ಗುರಮ್ಮ ರಾಶಿಯ ಮೇಲೆ ಎಡಗೈ ಆಡಿಸಿ, ಅಂಚು ಮುಟ್ಟಿ ಮುಟ್ಟಿ ನೋಡಿ, ನಡುವಿನಿಂದ ಒಂದನ್ನು ಎಳೆದಳು. "ಇದ… ನಮ್ಮ ತಮ್ಮಂದು."

"ಹ್ಯಾಂಗ ಗೊತ್ತಾತು ಅಕ್ಕಾ?" ಎಂದು ಜಯಮಾಲಾ ಕೇಳಿದಳು.

"ಅಂಚು… ದಪ್ಪ."

ಎಲ್ಲರೂ ನಕ್ಕರು, ಕಲ್ಲಿನಾಥನೂ ನಕ್ಕ. ಅಕ್ಕ ಆ ದಪ್ಪ ಅಂಚಿನ ರೊಟ್ಟಿಯನ್ನೇ ಭಜ್ಜಿಯಲ್ಲಿ ಅದ್ದಿ ಪೂರ್ತಿ ತಿಂದಳು. ಉಂಡಾದ ಮೇಲೆ ಹೆಂಗಸರು ಬೆಳೆಯ ಸಾಲಿನಲ್ಲಿ ಸುತ್ತಾಡಲು ಹೋದರು. ಅಕ್ಕ, ತಮ್ಮ ಇಬ್ಬರೇ ಕಂಬಳಿಯ ಮೇಲೆ ಉಳಿದರು. ಅವಳು ಜೋಳದ ಕಡೆ ನೋಡುತ್ತ ಕುಳಿತಿದ್ದಳು. ತೆನೆಗಳು ಇನ್ನೂ ಹಾಲುಗಾಳು. ಎಡಗೈಯ ಅಂಗೈ ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ಮೆಲ್ಲಗೆ ತಟ್ಟುತ್ತಿತ್ತು.

"ತಮ್ಮಾ… ಒಮ್ಮಿ ಬಡೀಬೇಕು… ಅನಸ್ತದ."

 ಆಗುತ್ತದೆ ಎಂದು ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ, ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹತ್ತಿರ ಸರಿದು ಕುಳಿತ. "ನನಗೂ ಅನಸ್ತದಕ್ಕಾ" ಎಂದ. "ನಿನ್ನ ಕೈಯಾಗಿಂದು ಉಣ್ಣಬೇಕು ಅಂತ. ದಿನಾ ಅನಸ್ತದ."

ಅವಳು ಅವನನ್ನು ನೋಡಿ ಹೂಂ ಎಂದಳು. ಇಬ್ಬರೂ ಮತ್ತೆ ಜೋಳದ ಕಡೆ ತಿರುಗಿದರು. ಒಂದೂವರೆ ವರ್ಷದಿಂದ ಒಂದೇ ಮನೆಯಲ್ಲಿ ಇಬ್ಬರೂ ಬೇರೆಬೇರೆಯಾಗಿ ಹೊತ್ತು ತಿರುಗಿದ್ದನ್ನು ಅಂದು ಒಟ್ಟಿಗೆ ಕೆಳಗಿಟ್ಟ ಹಾಗಾಯಿತು. ಭಾರವೇನೂ ಹೋಗಲಿಲ್ಲ, ಇಬ್ಬರಿಗೂ ಹಂಚಿಹೋಯಿತು.

ಊರಿಗೆ ಮರಳುವಾಗ ಇನ್ನೂ ಬೆಳಕಿತ್ತು. ಕಲ್ಲಿನಾಥ ಕೈಕಾಲು ತೊಳೆದು ಪರಾತ ತೆಗೆದುಕೊಂಡ. ಅಕ್ಕ ಗೋಡೆ ಹಿಡಿದು ತಾನೇ ನಡೆದು ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕುಳಿತಳು. ಎಸರು ಕುದಿಯಿತು. ಹಿಟ್ಟಿಗೆ ನೀರಿನ ಅಳತೆ ಈಗ ಅವನ ಕೈಗೆ ಬಂದಿತ್ತು, ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದ.

"ಅಕ್ಕಾ, ನೀರು ಎಷ್ಟ ಹಾಕ್ಲಿ?"

ಗುರಮ್ಮ ಬಗ್ಗಿ ಪರಾತದೊಳಗೆ ನೋಡಿದಳು. "ಹಾಕು… ಇನ್ನಷ್ಟು ಹಾಕು… ಸಾಕು."

ಅವನು ಹಾಕಿದ, ಅವಳು ಸಾಕು ಎಂದಲ್ಲಿ ನಿಲ್ಲಿಸಿದ.