ಇಶ್ಬೆಲ್ ಎತ್ತಿದ ಕೈ

ಕಿಲ್ವೆನ್ನಿಯ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದವಳು ಇಶ್ಬೆಲ್ ರೆನ್ನಿ. ಅವಳು ಕೆಲಸಕ್ಕೆ ಸೇರಿದಾಗ ಊಟದ ಕೋಣೆಯ ಬೆಂಚುಗಳ ಮೇಲೆ ಮಕ್ಕಳು ಒತ್ತಿಕೊಂಡು ಕೂರಬೇಕಿತ್ತು. ನಾನು ಹೇಳುತ್ತಿರುವ ಹೊತ್ತಿಗೆ ಒಂದೇ ಮೇಜು ಸಾಕಾಗುತ್ತಿತ್ತು. ಆದರೂ ಅವಳು ಸೂಪಿನ ಪಾತ್ರೆಯನ್ನು ಚಿಕ್ಕದು ಮಾಡಲಿಲ್ಲ. ಮಿಕ್ಕಿದ್ದನ್ನು ಡಬ್ಬಿಗಳಿಗೆ ತುಂಬಿ, ಮನೆಗೆ ಹೋಗುವ ದಾರಿಯಲ್ಲಿ ಕಾಯಿಲೆಯವರಿಗೆ, ಬಾಣಂತಿಯರಿಗೆ, ಒಲೆ ಹಚ್ಚಲು ಬಾರದ ಒಂಟಿ ಗಂಡಸರಿಗೆ ಕೊಟ್ಟು ಹೋಗುತ್ತಿದ್ದಳು. ನನ್ನ ಅಂಗಡಿಗೂ ಒಂದು ಡಬ್ಬಿ ಬರುತ್ತಿತ್ತು. ಅಂಗಡಿಯೇ ಊರಿನ ಅಂಚೆ ಕಚೇರಿ ಆದದ್ದರಿಂದ ನಾನು ಮಧ್ಯಾಹ್ನ ಬಾಗಿಲು ಹಾಕುವ ಹಾಗಿರಲಿಲ್ಲ. ಗಲ್ಲಾ ಪಕ್ಕ ನಿಂತುಕೊಂಡೇ ಅವಳ ಬಾರ್ಲಿ ಸೂಪು ಕುಡಿಯುತ್ತಿದ್ದೆ.

ಇಶ್ಬೆಲ್ ಮದುವೆಯಾಗಲಿಲ್ಲ. ರಸ್ತೆ ಬದಿಯ ತಂದೆಯ ಮನೆಯಲ್ಲೇ ಉಳಿದಳು. ಅವಳ ಅಕ್ಕ ನೆಟ್ಟಾ ಕುರಿ ಕಾಯುವ ಡೇವಿಯನ್ನು ಮದುವೆಯಾಗಿ ಹೋದಳು. ಹೋದದ್ದು ಎಷ್ಟು ದೂರ ಅಂದರೆ ಒಂದು ಹೊಲ ದಾಟಿದಷ್ಟು. ಕಮ್ಮಾರನ ಹೊಲದ ಈ ಬದಿ ತಂಗಿ, ಆ ಬದಿ ಅಕ್ಕ. ಡೇವಿ ತೀರಿಕೊಂಡ ಮೇಲೆ ನೆಟ್ಟಾ ಒಬ್ಬಳೇ ಕೋಳಿ ಸಾಕಿಕೊಂಡು, ಕಂಡವರಿಗೆಲ್ಲ ಬುದ್ಧಿ ಹೇಳಿಕೊಂಡು ಇದ್ದಳು. ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಇಶ್ಬೆಲ್ ತೂಕಡಿಸಿದರೆ ನೆಟ್ಟಾಳ ಮೊಣಕೈ ಅವಳ ಪಕ್ಕೆಗೆ ತಿವಿಯುತ್ತಿತ್ತು.

ಊರ ಸಮಿತಿಗೆ ಇಶ್ಬೆಲ್ ಅಧ್ಯಕ್ಷೆಯಾದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ಮೊದಲಿದ್ದ ಅಧ್ಯಕ್ಷರು ಪಾದ್ರಿಗಳು. ಅವರು ಬೇರೆ ಊರಿಗೆ ಹೋದರು. ಖಾಲಿ ಕುರ್ಚಿಯ ಸುತ್ತ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡು ಕೂತಿದ್ದಾಗ, ಚಹಾದ ಟ್ರೇ ಹಿಡಿದು ನಿಂತಿದ್ದ ಇಶ್ಬೆಲ್, "ಯಾರಾದ್ರೂ ಬೇಗ ಹೂಂ ಅನ್ನಿ, ಚಹಾ ಆರಿಹೋಗ್ತಿದೆ" ಅಂದಳು. ಕುರಿ ರೈತ ವಾಟಿ ಪ್ರೌಡ್‌ಫುಟ್, "ಹಂಗಾದ್ರೆ ನೀನೇ ಆಗು" ಅಂದ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಸಮಿತಿಯ ಕಾರ್ಯದರ್ಶಿ ಕೆಲಸ ಅದಕ್ಕೂ ಮೊದಲೇ ನನ್ನ ತಲೆಗೆ ಬಿದ್ದಿತ್ತು.

ಅದೇ ವರ್ಷ ಜಿಲ್ಲಾ ಕಚೇರಿಯವರು ಮಕ್ಕಳು ಕಡಿಮೆ, ಶಾಲೆ ಮುಚ್ಚಬೇಕಾಗಬಹುದು ಅಂದರು. ಮಕ್ಕಳಿರುವ ಸಂಸಾರ ಬರಬೇಕಾದರೆ ಮನೆ ಬೇಕು. ಕಿಲ್ವೆನ್ನಿಯಲ್ಲಿ ಖಾಲಿ ಬಿದ್ದ ಮನೆಗಳನ್ನೆಲ್ಲ ಬೇಸಿಗೆಗೆ ಮಾತ್ರ ಬರುವ ಪಟ್ಟಣದವರು ಕೊಂಡಾಗಿತ್ತು. ಹಾಗಾಗಿ ಊರೇ ಕೂತು ತನ್ನ ಯೋಜನೆ ತಾನೇ ಮಾಡಲಿ, ಹೊಸ ಮನೆ ಎಲ್ಲಿ ಬೇಕು ಹೇಳಲಿ ಅಂತ ಜಿಲ್ಲಾ ಕಚೇರಿಯಿಂದ ಫ್ರೇಯಾ ಇಂಕ್‌ಸ್ಟರ್ ಅನ್ನುವ ಹುಡುಗಿಯನ್ನು ಕಳಿಸಿದರು. ಅವಳು ಊರ ಸಭಾಭವನದ ಉದ್ದ ಮೇಜಿನ ಮೇಲೆ ನಕಾಶೆ ಹಾಸಿ, ಪುಟ್ಟ ಕಾಗದದ ಬಾವುಟಗಳನ್ನು ಹಂಚಿ, "ಮನೆ ಎಲ್ಲಿ ಬರ್ಬೇಕು ಅನ್ಸುತ್ತೋ ಅಲ್ಲಿ ಚುಚ್ಚಿ" ಅಂದಳು. ಜನ ಬಂದು ಚುಚ್ಚಿದರು. ಸಂಜೆ ಫ್ರೇಯಾ ನಕಾಶೆಯನ್ನು ನೋಡಿ ನಕ್ಕುಬಿಟ್ಟಳು.

"ಎಲ್ಲರೂ ಪಕ್ಕದವರ ಹಿತ್ತಲಿಗೇ ಚುಚ್ಚಿದೀರಲ್ಲ," ಅಂದಳು.

"ನಮ್ಮ ಹಿತ್ತಲು ನಮಗೆ ಗೊತ್ತು. ಅಲ್ಲಿ ಜಾಗ ಇಲ್ಲ," ಅಂದ ವಾಟಿ. ಅವನ ಹಿತ್ತಲಿನಲ್ಲಿ ಎರಡು ಹಳೇ ಟ್ರ್ಯಾಕ್ಟರು ತುಕ್ಕು ಹಿಡಿಯುತ್ತಿದ್ದವು.

ಒಂದೊಂದೇ ಜಾಗ ಬಿಟ್ಟುಹೋಯಿತು. ಹೊಳೆಯ ದಂಡೆಗೆ ಚಳಿಗಾಲದಲ್ಲಿ ನೀರು ನುಗ್ಗುತ್ತದೆ. ಮೇಲಿನ ಬಯಲು ಕಾಲಿಟ್ಟರೆ ಕುಸಿಯುವ ಜೌಗು. ಉಳಿದದ್ದು ಕಮ್ಮಾರನ ಹೊಲ. ಒಣ ನೆಲ, ರಸ್ತೆಗೆ ಹತ್ತಿರ. ಕಮ್ಮಾರನದು ಅನ್ನುವುದು ಹೆಸರಿಗಷ್ಟೇ, ಅದರ ಜಮೀನ್ದಾರರೂ ಕೊಡಲು ಒಪ್ಪಿದರು.

ನಿರ್ಧಾರದ ದಿನ ಸಭಾಭವನ ತುಂಬಿತ್ತು. ಹಿಂದಿನ ಸಾಲಿನಿಂದ ನೆಟ್ಟಾ ಎದ್ದು ನಿಂತಳು.

"ಆ ಹೊಲ ನನ್ನ ಅಡುಗೆಮನೆ ಕಿಟಕಿ ಎದುರಿಗೆ ಇದೆ. ಬೆಳಿಗ್ಗೆ ಎದ್ದು ನಾನು ಯಾರದೋ ಒಗೆದು ಹಾಕಿದ ಚಡ್ಡಿ ನೋಡ್ತಾ ಕೂರ್ಬೇಕಾ?"

ಜನ ನಕ್ಕರು. ನೆಟ್ಟಾ ನಗಲಿಲ್ಲ. "ನಗೋದಕ್ಕೆ ಹೇಳಿದ್ದಲ್ಲ. ಆ ಕಿಟಕಿ ಒಂದೇ ನನಗಿರೋದು," ಅಂದು ಕೂತಳು. ಇಶ್ಬೆಲ್ ಅವಳನ್ನು ನೋಡಿದಳು, ಆಮೇಲೆ ಮುಂದಿದ್ದ ಕಾಗದ ನೋಡಿದಳು.

ಸಮಿತಿಯವರು ಕೈ ಎತ್ತಿದಾಗ ಪರ ಮತ್ತು ವಿರೋಧ ಸಮಸಮ ಆಯಿತು. ಹಾಗಾದರೆ ಅಧ್ಯಕ್ಷರೇ ಒಂದು ಕಡೆ ಹೇಳಬೇಕು ಅನ್ನುವುದು ನಿಯಮ. ಅದನ್ನು ಓದಿ ಹೇಳಬೇಕಾದವಳು ನಾನು. ಇಶ್ಬೆಲ್ ಒಂದು ಲೋಟ ನೀರು ಕುಡಿದಳು. ಆಮೇಲೆ ಬಲಗೈ ಎತ್ತಿ, "ಮನೆಗಳು ಬರ್ಲಿ," ಅಂದಳು. ಸೂಪಿನ ಸೌಟು ಹಿಡಿದು ಗಂಟು ಕಟ್ಟಿದ ಕೈ ಅದು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ನೆಟ್ಟಾ ಕೋಟು ಹಾಕಿಕೊಳ್ಳದೆ, ತೋಳ ಮೇಲೆ ಹಾಕಿಕೊಂಡೇ ಮಳೆಗೆ ಹೊರಟುಹೋದಳು.

ಅಂದಿನಿಂದ ಮಾತು ನಿಂತಿತು. ಭಾನುವಾರ ನೆಟ್ಟಾ ಚರ್ಚಿನಲ್ಲಿ ಕಂಬದ ಹಿಂದಿನ ಬೆಂಚಿಗೆ ಹೋದಳು. ಇಶ್ಬೆಲ್ ತೂಕಡಿಸಿದರೆ ಎಬ್ಬಿಸುವವರಿರಲಿಲ್ಲ. ಒಮ್ಮೆ ಗೊರಕೆಯೇ ಹೊಡೆದಳು. ಅಂಗಡಿಯಲ್ಲಿ ಇಬ್ಬರೂ ಎದುರಾದರೆ ನೆಟ್ಟಾ ಬೀನ್ಸ್ ಡಬ್ಬಿಗಳ ಕಡೆ ತಿರುಗಿ, "ಡೊಲೀನಾ, ಬಾಗಿಲು ಸರಿಯಾಗಿ ಹಾಕ್ಕೊಳ್ಳೋದಿಲ್ವಾ? ಥಂಡಿ ಗಾಳಿ ಒಳಗೆ ಬಂತು ನೋಡು," ಅಂದು ನಡೆದುಬಿಡುತ್ತಿದ್ದಳು. ಇಶ್ಬೆಲ್ ಎಂದಿನಂತೆ ಅಕ್ಕನ ಹೊಸ್ತಿಲಲ್ಲಿ ಸೂಪಿನ ಡಬ್ಬಿ ಇಟ್ಟು ಬಂದಳು. ಮರುದಿನ ಅದು ತುಂಬಿದ್ದ ಹಾಗೇ ನನ್ನ ಗಲ್ಲಾ ಮೇಲೆ ಬಂತು.

"ಯಾರೋ ನನ್ನ ಬಾಗಿಲಲ್ಲಿ ಮರೆತು ಹೋಗಿದಾರೆ. ವಾರಸುದಾರರು ಬಂದ್ರೆ ಕೊಡು," ಅಂದಳು ನೆಟ್ಟಾ.

ಊರಿನ ಬಾಯಿಯೂ ಸುಮ್ಮನಿರಲಿಲ್ಲ. ಶಾಲೆ ಉಳಿದರೆ ತಾನೇ ಇವಳ ಕೆಲಸ ಉಳಿಯೋದು, ಅದಕ್ಕೆ ಒಡಹುಟ್ಟಿದವಳ ಕಿಟಕಿ ಮುಚ್ಚಿಸಿದಳು ಅಂದರು. ಇಶ್ಬೆಲ್ ಕಿವಿಗೆ ಅದು ಬಿತ್ತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ನನ್ನ ಹತ್ತಿರ ಹೇಳಿದಳು.

"ಸುಳ್ಳು ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ, ಡೊಲೀನಾ. ಆ ಅಡುಗೆಮನೆ ಬಿಟ್ರೆ ನನಗೂ ಬೇರೇನಿದೆ? ಮಕ್ಕಳು ಮನಸ್ಸಲ್ಲಿದ್ರು. ಕೆಲಸಾನೂ ಇತ್ತು. ಯಾವುದು ಎಷ್ಟಿತ್ತು ಅಂತ ನನಗೇ ಗೊತ್ತಿಲ್ಲ."

ನಾನು ಅವಳಿಗೆ ಒಂದು ಓಟ್ಸ್ ಬಿಸ್ಕತ್ತು ಕೊಟ್ಟೆ. ಬೇರೇನು ಕೊಡಬೇಕೋ ಹೊಳೆಯಲಿಲ್ಲ.

ಚಳಿಗಾಲ ಕಳೆದ ಮೇಲೆ ಫ್ರೇಯಾ ಮನೆಗಳ ಚಿತ್ರ ತಂದಳು. ಆರು ಮನೆ, ಒಂದೇ ಸಾಲು. ಇಶ್ಬೆಲ್ ಅದರ ಮೇಲೆ ಬೆರಳಿಟ್ಟು ಕೇಳಿದಳು: "ಈ ಸಾಲಿನ ನಡುವೆ ಒಂದು ಸಂದು ಬಿಡೋಕಾಗುತ್ತಾ? ನೆಟ್ಟಾ ಕಿಟಕಿಯಿಂದ ಬೆಟ್ಟ ಕಾಣೋ ಹಾಗೆ?"

"ಎಲ್ಲಿ ಅಂತ ಸರಿಯಾಗಿ ಹೇಳಿದ್ರೆ ನೋಡ್ಬಹುದು. ಆದ್ರೆ ಕಿಟಕಿ ಹತ್ರ ನಿಂತು ಗುರುತು ಹಾಕ್ಬೇಕು. ಅವರು ಒಳಗೆ ಬಿಡ್ತಾರಾ?"

"ಒಳಗ್ಯಾಕೆ? ಹೊರಗೇ ನಿಂತ್ರಾಯ್ತು," ಅಂದಳು ಇಶ್ಬೆಲ್.

ಶನಿವಾರ ಬೆಳಿಗ್ಗೆ ನಾವು ಹೊರಟೆವು. ತುಂತುರು ಮಳೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆ ಕೊಡುವ ಉದ್ದ ಕೋಲುಗಳು ಎರಡು, ಅವುಗಳ ತುದಿಗೆ ಕೆಂಪು ಟವೆಲ್ಲು. ಒಂದು ನನ್ನ ಕೈಯಲ್ಲಿ, ಇನ್ನೊಂದು ವಾಟಿ ಕೈಯಲ್ಲಿ. ವಾಟಿ ಹೊಲದ ವಿರುದ್ಧ ಮತ ಹಾಕಿದವನು. ಆದರೆ ಅಕ್ಕತಂಗಿ ಜಗಳ ನೋಡಲು ಸಿಗಬಹುದು ಅನ್ನುವ ಆಸೆಗೆ ಬಂದಿದ್ದ. ಇಶ್ಬೆಲ್ ನೆಟ್ಟಾಳ ಕಿಟಕಿಗೆ ಬೆನ್ನು ಕೊಟ್ಟು, ಗೋಡೆಗೆ ಒರಗಿ ನಿಂತು, ಕೈ ಬೀಸಿ ಬೀಸಿ ನಮ್ಮನ್ನು ಅತ್ತ ಇತ್ತ ಓಡಾಡಿಸಿದಳು. ಒದ್ದೆ ಹುಲ್ಲಿನಲ್ಲಿ ನಾನು ಒಮ್ಮೆ ಜಾರಿ ಕೂತೆ. ಕಿಟಕಿಯ ಒಳಗೆ ನೆಟ್ಟಾಳ ಮುಖ ಬಂತು, ಹೋಯಿತು, ಮತ್ತೆ ಬಂತು. ನಾನು ಕುತೂಹಲ ತಡೆಯಲಾರದೆ ಕೋಲನ್ನು ನೆಲಕ್ಕೆ ಚುಚ್ಚಿ ಕಿಟಕಿಯ ಹತ್ತಿರ ನಡೆದೆ. ಆಗಲೇ ಕಿಟಕಿ ತೆರೆದದ್ದು.

"ಏನದು ಕೋತಿ ಕುಣಿತ?" ಅಂದಳು ನೆಟ್ಟಾ.

ಇಶ್ಬೆಲ್ ತಿರುಗಲಿಲ್ಲ. "ನಿನ್ನ ಬೆಟ್ಟಕ್ಕೆ ಜಾಗ ಬಿಡಿಸ್ತಿದೀನಿ."

"ಬೆಟ್ಟ ತಗೊಂಡು ನಾನೇನ್ ಮಾಡ್ಲಿ? ಅರ್ಧ ವರ್ಷ ಅದು ಮೋಡದೊಳಗೇ ಇರುತ್ತೆ."

"ಮತ್ತೆ ಕಿಟಕಿ ಕಿಟಕಿ ಅಂತ ಅಷ್ಟು ರಂಪ ಮಾಡಿದೆಯಲ್ಲ?"

ನೆಟ್ಟಾ ಚೌಕಟ್ಟಿನ ಮೇಲೆ ಬಿದ್ದ ಮಳೆ ಹನಿಯನ್ನು ಅಂಗೈಯಿಂದ ಒರೆಸಿದಳು.

"ನಿನ್ನ ಅಡುಗೆಮನೆ ದೀಪ ಕಾಣ್ಬೇಕು ನನಗೆ," ಅಂದಳು. "ಅದು ಹತ್ತಿದ್ರೆ ನೀನು ಎದ್ದಿದೀಯ ಅಂತ ಗೊತ್ತಾಗುತ್ತೆ. ಆಮೇಲೆ ನಾನು ಚಹಾಕ್ಕೆ ನೀರಿಡ್ತೀನಿ. ಡೇವಿ ಹೋದ್ಮೇಲೆ ಹಂಗೇ ಅಭ್ಯಾಸ ಆಗಿದೆ."

ಇಶ್ಬೆಲ್ ಆಗ ತಿರುಗಿದಳು. ಅವಳ ಕನ್ನಡಕದ ಮೇಲೆಲ್ಲ ಮಳೆ ನೀರು.

"ಮಾರಾಯ್ತಿ, ಇದನ್ನ ಸಭೇಲಿ ಯಾಕೆ ಹೇಳ್ಲಿಲ್ಲ?"

"ಊರೆಲ್ಲಾ ಕೂತಿತ್ತು. ವಾಟಿ ಎದುರಿಗೆ ಹೇಳ್ಬೇಕಿತ್ತಾ?"

"ನನ್ನ ಹತ್ರ ಆದ್ರೂ ಹೇಳ್ಬಹುದಿತ್ತು."

"ನಿನ್ನ ಹತ್ರವಂತೂ ಆಗ್ತಿರ್ಲಿಲ್ಲ," ಅಂದಳು ನೆಟ್ಟಾ.

ಹೊಲದ ನಡುವೆ ಒಬ್ಬನೇ ಕೋಲು ಹಿಡಿದು ನಿಂತಿದ್ದ ವಾಟಿ, "ಏನಂತೆ? ಏನಂದ್ಲು?" ಅಂತ ಕೂಗಿದ.

"ಬಲಕ್ಕೆ ಹೋಗು ಅಂದೆ, ಎಮ್ಮೆ," ಅಂತ ನೆಟ್ಟಾ ತಿರುಗಿ ಕೂಗಿದಳು. "ಇನ್ನೂ ಬಲಕ್ಕೆ. ಅಲ್ಲೇ ನಿಂತ್ಕೋ." ಆಮೇಲೆ ತಂಗಿಗೆ, "ಹೊರಗಿಂದ ನಿನಗೇನು ಕಾಣುತ್ತೆ? ಒಳಗೆ ಬಾ. ಬೂಟು ಒರೆಸ್ಕೊಂಡು ಬಾ," ಅಂದಳು.

ನಾನು ಮತ್ತೆ ನನ್ನ ಕೋಲಿನ ಹತ್ತಿರ ಹೋದೆ. ಇಬ್ಬರೂ ಕಿಟಕಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಒಬ್ಬಳು ಎಡ ಅಂದರೆ ಇನ್ನೊಬ್ಬಳು ಬಲ ಅನ್ನುತ್ತ ನಮ್ಮನ್ನು ಇನ್ನಷ್ಟು ನೆನೆಸಿದರು. ಕೊನೆಗೆ ಗೂಟ ಹೊಡೆದು ಒಳಗೆ ಹೋದರೆ ನಮಗೆ ಒಣ ಟವೆಲ್ಲೂ ಬಿಸಿ ಚಹಾವೂ ಸಿಕ್ಕಿತು. ವಾಟಿಗೆ ಜಗಳ ಸಿಗಲಿಲ್ಲ ಅನ್ನುವ ಬೇಸರ ಇತ್ತು, ಆದರೆ ಮೂರು ಸ್ಕೋನ್ ಬನ್ನು ತಿಂದ.

ಇಲ್ಲಿಗೆ ಎಲ್ಲ ಸರಿಹೋಯಿತು ಅನ್ನುವಂತಿಲ್ಲ. ಸಂದು ಬಿಟ್ಟರೆ ಹೊಲದಲ್ಲಿ ಐದೇ ಮನೆ ಹಿಡಿಸುತ್ತದೆ ಅಂತ ಫ್ರೇಯಾ ಲೆಕ್ಕ ಹಾಕಿ ಹೇಳಿದಳು. ಒಬ್ಬ ಮುದುಕಿಯ ಕಿಟಕಿಗೋಸ್ಕರ ಒಂದು ಸಂಸಾರಕ್ಕೆ ಮನೆ ತಪ್ಪಿಸೋದು ಯಾವ ನ್ಯಾಯ ಅಂತ ಕೆಲವರು ಕೇಳಿದರು. ಆ ಮಾತಿನಲ್ಲಿ ಹುರುಳಿತ್ತು. ಇಶ್ಬೆಲ್ ಕೂಡ ಅದನ್ನು ಅಲ್ಲಗಳೆಯಲಿಲ್ಲ. ಸಮಿತಿ ಕೂಡಿದಾಗ ಅವಳು ಅಧ್ಯಕ್ಷರ ಕುರ್ಚಿ ಬಿಟ್ಟು ಎದ್ದಳು.

"ಇದು ನನ್ನ ಅಕ್ಕನ ವಿಷಯ. ಮೊದಲನೇ ಸಲಾನೂ ನಾನು ಹೀಗೇ ಎದ್ದು ಹೋಗಬೇಕಿತ್ತೇನೋ, ಆಗ ಹೊಳೀಲಿಲ್ಲ. ನೀವೇ ತೀರ್ಮಾನ ಮಾಡಿ," ಅಂದು ಹಿಂದೆ ಹೋಗಿ ನೆಟ್ಟಾ ಪಕ್ಕ ಕೂತಳು.

ಐದು ಮನೆಯೇ ಆಗಲಿ ಅಂತ ತೀರ್ಮಾನವಾಯಿತು. ಪರವಾಗಿ ಮೊದಲು ಕೈ ಎತ್ತಿದವನು ವಾಟಿ. ಕೋಲು ಹಿಡಿದು ನೆನೆದದ್ದು ದಂಡ ಆಗಬಾರದು ಅನ್ನುವುದು ಅವನ ಕಾರಣ.

ಮನೆಗಳು ಎದ್ದವು. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವವರ ಒಂದು ಸಂಸಾರ ಬಂತು, ಮೀನು ಸಾಕುವವರ ಸಂಸಾರ ಬಂತು, ಇಲ್ಲೇ ಹುಟ್ಟಿ ಮನೆ ಸಿಗದೆ ಹೋಗಿದ್ದ ಒಬ್ಬಳು ಅವಳಿ ಮಕ್ಕಳೊಂದಿಗೆ ವಾಪಸು ಬಂದಳು. ಶಾಲೆ ಉಳಿಯಿತು. ಆದರೆ ಇಶ್ಬೆಲ್‌ಳ ಅಡುಗೆಮನೆ ಉಳಿಯಲಿಲ್ಲ. ಮಕ್ಕಳ ಊಟ ಈಗ ಪಟ್ಟಣದಿಂದ ವ್ಯಾನಿನಲ್ಲಿ, ಮುಚ್ಚಳ ಹಾಕಿದ ತಟ್ಟೆಗಳಲ್ಲಿ ಬರುತ್ತದೆ. ಆ ಸುದ್ದಿ ಬಂದ ದಿನ ಅವಳು ಅಂಗಡಿಯಲ್ಲಿ ಬಹಳ ಹೊತ್ತು ಕೂತಿದ್ದಳು. "ಇನ್ಮೇಲಾದ್ರೂ ಕೆಲಸಕ್ಕೋಸ್ಕರ ಕೈ ಎತ್ತಿದೆ ಅಂತ ಯಾರೂ ಅನ್ನೋ ಹಾಗಿಲ್ಲ," ಅಂದಳು. ನಗಲು ನೋಡಿದಳು, ಆಗಲಿಲ್ಲ. ನೆಟ್ಟಾ ಬಂದು ಅವಳ ತೋಳು ಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದಳು.

ಆ ಸಂದಿನಲ್ಲಿ ಅವಳಿ ಮಕ್ಕಳ ತಾಯಿ, ಮಕ್ಕಳು ಹತ್ತಿ ಕುಪ್ಪಳಿಸುವ ದೊಡ್ಡ ಟ್ರ್ಯಾಂಪೊಲಿನ್ ತಂದಿಟ್ಟಳು. ತೆಗೆಸಲು ಇಶ್ಬೆಲ್ ಹೊರಟಾಗ ನೆಟ್ಟಾ ಬಿಡಲಿಲ್ಲ. ಮಕ್ಕಳು ಮೇಲಕ್ಕೆ ಹಾರಿದಾಗ ದೀಪ ಮರೆಯಾಗುತ್ತದೆ, ಇಳಿದಾಗ ಕಾಣುತ್ತದೆ, ಅಷ್ಟು ಸಾಕು ಅಂದಳಂತೆ.

ಕಳೆದ ವಸಂತದಲ್ಲಿ ಸಮಿತಿಗೆ ಚುನಾವಣೆ ಬಂತು. ಖಾಲಿ ಜಾಗಕ್ಕೆ ನೆಟ್ಟಾ ನಿಂತಳು. ಬೇರೆ ಯಾರೂ ನಿಲ್ಲದ್ದರಿಂದ ಗೆದ್ದಳು. ಮೊದಲ ಸಭೆಯಲ್ಲೇ ಬಸ್ ನಿಲ್ದಾಣಕ್ಕೆ ಬೆಂಚು ಹಾಕಿಸುವ ಇಶ್ಬೆಲ್‌ಳ ಸಲಹೆಯನ್ನು, ಬೆಂಚು ಹಾಕಿದರೆ ವಾಟಿ ಅಲ್ಲೇ ಬಿದ್ದಿರುತ್ತಾನೆ ಅಂತ ವಿರೋಧಿಸಿದಳು. ಸಲಹೆ ಬಿದ್ದುಹೋಯಿತು. ನಾನು ಸಭಾಭವನಕ್ಕೆ ಬೀಗ ಹಾಕುವಾಗ ಇಬ್ಬರೂ ಒಂದೇ ಕೊಡೆಯಡಿ ಬೆಂಚಿನ ಬಗ್ಗೆ ಜಗಳ ಆಡುತ್ತ, ಕಮ್ಮಾರನ ಹೊಲದ ಕಡೆ ನಡೆದಿದ್ದರು.