ಗಂಡಸರು ತುಳಿಯದ ಸೈಕಲ್

ನನ್ನ ಅತ್ತೆಮನೆಯಲ್ಲಿ ‘ಇದು ಇಂಥವರದು’ ಅನ್ನುವ ಮಾತೇ ಇರಲಿಲ್ಲ. ಮದುವೆಯಾಗಿ ಹೊಸಕೋಟೆ ಹತ್ತಿರದ ಆ ಹಳ್ಳಿಗೆ ಬಂದ ಮೊದಲ ವಾರದಲ್ಲೇ ನನ್ನ ಬಾಚಣಿಗೆ ಅತ್ತೆಯ ತಲೆಗೇರಿತು. ಅಣ್ಣ ಕೊಡಿಸಿದ್ದ ಟಾರ್ಚು ಮೈದುನನ ಜೇಬು ಸೇರಿತು. ತವರಿನಿಂದ ತಂದ ಸ್ಟೀಲ್ ಡಬ್ಬಿಯಲ್ಲಿ ಮಾವ ಹೊಲಕ್ಕೆ ಮುದ್ದೆ ತೆಗೆದುಕೊಂಡು ಹೋಗತೊಡಗಿದರು. ಕೆಟ್ಟವರೇನೂ ಅಲ್ಲ. ತಮ್ಮ ವಸ್ತುಗಳನ್ನೂ ಹಾಗೇ ಬಿಟ್ಟಿರುತ್ತಿದ್ದರು. ಕೇಳಿ ತೆಗೆದುಕೊಳ್ಳಬೇಕು ಅಂತ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. ಆದರೆ ನನಗೋ ಮೂಗಿನ ತುದಿಯಲ್ಲೇ ಕೋಪ. ಹೊಸ ಸೊಸೆ ಬಾಯಿ ಬಿಡುವಂತಿಲ್ಲವಲ್ಲ, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಿದ್ದೆ.

ಆಗ ನಾನು ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಮುಚ್ಚಳ ಹಾಕುವ ಸಾಲಿನಲ್ಲಿ ಕೆಲಸ ಮಾಡುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಗೇಟಿನೊಳಗೆ ಇರಬೇಕು. ನಮ್ಮೂರಿನ ಅರಳಿಕಟ್ಟೆಯವರೆಗೂ ಕಾರ್ಖಾನೆಯ ವ್ಯಾನು ಬರುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ, ಒಳಗಿನ ಹಳ್ಳಿಗಳಿಗೆ ಇನ್ನು ಬರುವುದಿಲ್ಲ ಅಂದುಬಿಟ್ಟರು. ಊರಿನ ಮೊದಲ ಬಸ್ಸು ಬರುವಷ್ಟರಲ್ಲಿ ಪಾಳಿ ಶುರುವಾಗಿರುತ್ತಿತ್ತು. ನನ್ನ ಗಂಡ ಮಾಲೂರು ಕಡೆಯ ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದರು, ಅದು ಇನ್ನೊಂದೇ ದಿಕ್ಕು. ನಾನು ನೀಲಗಿರಿ ತೋಪಿನ ನಡುವೆ ನಸುಕಿನಲ್ಲಿ ನಡೆದು ಹೋಗಿ, ತಡವಾಗಿ, ಸೂಪರ್‌ವೈಸರ್ ಕೈಲಿ ಬೈಸಿಕೊಂಡೆ. “ಇನ್ನೊಂದ್ ಸಲ ಹಿಂಗೆ ಲೇಟಾದ್ರೆ ಮನೇಲೇ ಇದ್ಬಿಡಮ್ಮ” ಅಂದ.

ಅತ್ತೆಯೂ ಅದನ್ನೇ ಹೇಳಿದರು. “ಬಿಟ್ಬಿಡು ಅತ್ಲಾಗೆ. ಆ ತೋಪ್ನಾಗೆ ಒಬ್ಳೇ ಹೋಗೋದು ಏನ್ ಚೆಂದ?”

ನನಗೆ ಬಿಡಲು ಇಷ್ಟವಿರಲಿಲ್ಲ. ಸಂಬಳ ಅತ್ತೆಯ ಕೈಗೇ ಹೋಗುತ್ತಿತ್ತು ನಿಜ. ಆದರೆ ಆ ಸಾಲಿನಲ್ಲಿ ನನಗೊಂದು ಸ್ಟೂಲು ಇತ್ತು, ಅದರ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ. ಅದನ್ನು ಮನೆಯಲ್ಲಿ ಹೇಳಿದ್ದರೆ ನಗುತ್ತಿದ್ದರು. “ಸೈಕಲ್ ಕಲೀತೀನಿ” ಅಂದೆ. ಅದಕ್ಕೂ ನಕ್ಕರು.

ಕಲಿತದ್ದು ಮಾವನ ಹಳೇ ಸೈಕಲ್ಲಿನಲ್ಲಿ, ಒಣಗಿದ ಕೆರೆಯಂಗಳದಲ್ಲಿ. ಮಾವ ಅದರಲ್ಲಿ ಸೇವಂತಿಗೆ ಹೂವಿನ ಮೂಟೆ ಹೇರಿಕೊಂಡು ಹೊಸಕೋಟೆಗೆ ಹೋಗುತ್ತಿದ್ದರು. ಹಿಂದಿನ ಕ್ಯಾರಿಯರ್ ಮಂಚದಷ್ಟು ಅಗಲ. ಸೀರೆ ಉಟ್ಟು ಬಾರ್ ದಾಟಲಾಗುತ್ತದೆಯೇ? ಬಾರಿನ ಕೆಳಗಿನಿಂದ ಕಾಲು ತೂರಿಸಿ, ಮೈಯನ್ನು ಒಂದು ಕಡೆಗೆ ವಾಲಿಸಿ, ಏಡಿಯ ಹಾಗೆ ಹೋಗುತ್ತಿದ್ದೆ. ಗಂಡ ಹಿಂದೆ ಹಿಡಿದುಕೊಂಡು ಓಡುತ್ತಿದ್ದರು. “ಮುಂದೆ ನೋಡೇ, ಚಕ್ರ ನೋಡ್ಬೇಡ!” ಮೊಣಕಾಲು ತರಚಿ, ಮೊಣಕೈ ತರಚಿ, ಅಂತೂ ಒಂದು ಭಾನುವಾರ ಅವರು ಯಾವಾಗಲೋ ಕೈಬಿಟ್ಟಿದ್ದಾರೆ ಅಂತ ಗೊತ್ತಾಗಿ, ಗೊತ್ತಾದ ಕೂಡಲೇ ಬಿದ್ದೆ.

ಸೈಕಲ್ ಕೊಳ್ಳುವುದೆಂದು ತೀರ್ಮಾನವಾಯಿತು. ಆಗ ಶುರುವಾಯಿತು ರಗಳೆ. ಮಾವ ಜಗಲಿಯ ಮೇಲೆ ಕೂತು, “ಗಂಡಸರ ಸೈಕಲ್ಲೇ ತಗೊಳ್ಳೋದು. ಮನೇಗೆ ಒಂದು ಸೈಕಲ್ ಬಂತು ಅಂದ್ಮೇಲೆ ಎಲ್ರಿಗೂ ಆಗ್ಬೇಕು” ಅಂದರು. ಮೈದುನ ಅಂಗಡಿಗೆ ಬರಲು ಆಗಲೇ ತಲೆ ಬಾಚಿಕೊಂಡು ನಿಂತಿದ್ದ. ಪರೀಕ್ಷೆ ಕಟ್ಟಿ ಕಟ್ಟಿ ಸುಸ್ತಾಗಿದ್ದ ಅವನಿಗೆ ದಿನವೆಲ್ಲ ಹೊಸಕೋಟೆ ಸರ್ಕಲ್ಲೇ ಕಾಲೇಜು.

ಅಂಗಡಿ ಹೊಸಕೋಟೆ ಪೇಟೆಯಲ್ಲಿತ್ತು. ಸಾಬರೊಬ್ಬರು ನಡೆಸುತ್ತಿದ್ದರು, ಬಿಳಿ ಗಡ್ಡ, ಮೆತ್ತನೆ ಮಾತು. ಮಾವ ನೇರವಾಗಿ ಕಪ್ಪು ಸೈಕಲ್ಲಿನ ಹತ್ತಿರ ಹೋದರು. ಮೈದುನ ಅದರ ಟಯರ್ ಒತ್ತಿದ, ಬೆಲ್ ಹೊಡೆದ, ಏರಿ ಕೂತು ಪೆಡಲನ್ನು ಹಿಂದಕ್ಕೆ ತಿರುಗಿಸಿ ಕರಕರ ಅನ್ನಿಸಿದ. “ಸೂಪರಾಗೈತೆ ಅತ್ತಿಗೆ!” ಅಂದ. ಅವನ ಮುಖದ ಬೆಳಕು ನೋಡಿಯೇ ನನಗೆ ಎಲ್ಲ ತಿಳಿದುಹೋಯಿತು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಆ ಸೈಕಲ್ ಸರ್ಕಲ್ಲಿನಲ್ಲಿರುತ್ತದೆ, ನಾನು ತೋಪಿನಲ್ಲಿ ನಡೆಯುತ್ತಿರುತ್ತೇನೆ, ಸೂಪರ್‌ವೈಸರ್ ಗೇಟಿನಲ್ಲಿರುತ್ತಾನೆ. ಟಾರ್ಚಿನ ಕಥೆಯೇ ಇದಕ್ಕೂ.

ಗೋಡೆಗೆ ಒಂದು ರೇಸ್ ಸೈಕಲ್ ನೇತುಹಾಕಿದ್ದರು. ಕೊಂಬಿನ ಹಾಗೆ ಕೆಳಗೆ ಬಗ್ಗಿದ ಹ್ಯಾಂಡಲ್, ಸಣ್ಣ ಟಯರ್, ಒಣಗಿದ ಹೀರೇಕಾಯಿಯಂಥ ಸೀಟು. ಅದನ್ನು ನೋಡುತ್ತಾ ನಿಂತುಬಿಟ್ಟೆ. ಸಾಬರು ನಕ್ಕರು. “ಅದು ಟಾರ್ ರೋಡಿಗೆ ಮಾತ್ರ ಅಮ್ಮಾ. ನಿಮ್ಮ ಊರ ಜಲ್ಲೀಲಿ ನಿಲ್ಲಲ್ಲ. ಬಗ್ಗಿ ಬೇರೆ ಹೊಡೀಬೇಕು.” ಸೆರಗು ಹೊದ್ದುಕೊಂಡು ಅದರ ಮೇಲೆ ಬಗ್ಗಿದ ನನ್ನನ್ನು ನಾನೇ ಕಲ್ಪಿಸಿಕೊಂಡು ನಗು ಬಂತು. ಆದರೂ, ಅದು ಚೆನ್ನಾಗಿತ್ತು ಕಣ್ರೀ. ಇವತ್ತಿಗೂ ಅಂಥದ್ದು ರಸ್ತೆಯಲ್ಲಿ ಹೋದರೆ ತಿರುಗಿ ನೋಡುತ್ತೇನೆ.

ಮೂಲೆಯಲ್ಲಿ ಲೇಡೀಸ್ ಸೈಕಲ್ ಇತ್ತು. ಕುಂಕುಮದ ಬಣ್ಣ, ಬಾರ್ ಕೆಳಕ್ಕೆ ಬಗ್ಗಿತ್ತು, ಮುಂದೆ ಬುಟ್ಟಿ, ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಬಲೆ, ಚೈನಿಗೆ ಪೂರ್ತಿ ಮುಚ್ಚಳ. “ಕೂತ್ ನೋಡಿ ಅಮ್ಮಾ” ಅಂದರು ಸಾಬರು. ಪೇಟೆಯ ನಡುವೆ, ಮಾವನ ಎದುರಿಗೆ ಸೈಕಲ್ ಏರುವುದೆಂದರೆ! ಗಂಡನ ಮುಖ ನೋಡಿದೆ. “ಹೊಡಿಯೋಳು ನೀನು. ನೀನೇ ನೋಡು” ಅಂದರು ಅವರು ಮೆಲ್ಲಗೆ. ಏರಿದೆ. ಎರಡೂ ಪಾದ ನೆಲಕ್ಕೆ ತಾಕಿದವು. ಬ್ರೇಕಿಗೆ ಬೆರಳು ಸಿಕ್ಕಿತು. ಯಾವುದಕ್ಕೂ ಎಗರಬೇಕಾಗಿರಲಿಲ್ಲ.

“ಇದ್ರಾಗೆ ಹೂವಿನ ಮೂಟೆ ಇಡಕ್ಕಾಗ್ತದಾ?” ಅಂದರು ಮಾವ.

ನಾನು ಸಾಬರನ್ನು ಕೇಳಿದೆ: “ಇದನ್ನ ಗಂಡಸರು ಹೊಡೀತಾರಾ?”

ನನಗೆ ಸೈಕಲ್ ಗಟ್ಟಿಯಿಲ್ಲ ಅನ್ನುವ ಅನುಮಾನ ಅಂದುಕೊಂಡರೋ ಏನೋ, ಸಾಬರು ಪಾಪ, ನಿಜವನ್ನೇ ಹೇಳಿದರು. “ಲೇಡೀಸ್ ಸೈಕಲ್ಲು ಯಾವ ಗಂಡಸು ತುಳೀತಾನಮ್ಮಾ? ಹೊಡದ್ರೆ ಊರೆಲ್ಲಾ ನಗಲ್ವಾ!”

“ಹಂಗಾದ್ರೆ ಇದನ್ನೇ ಕೊಡಿ” ಅಂದೆ.

ಮೈದುನ ಕಪ್ಪು ಸೈಕಲ್ಲಿನಿಂದ ಇಳಿದ. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ ನಿಂತರು. ಮನೆಗೆ ಬಂದ ಮೇಲೂ ಬಹಳ ದಿನ ನನ್ನ ಹತ್ತಿರ ಮಾತು ಕಡಿಮೆ ಮಾಡಿದರು. ಸೈಕಲ್ಲನ್ನು ‘ಬುಟ್ಟಿ ಗಾಡಿ’ ಅನ್ನುತ್ತಿದ್ದರು. “ಬುಟ್ಟಿ ಗಾಡಿ ಅಡ್ಡ ಐತೆ, ಸರಿಸ್ರೋ.” ಸರಿಸುವುದಕ್ಕೂ ಅವರು ಕೈ ಹಾಕುತ್ತಿರಲಿಲ್ಲ.

ನನಗೆ ಅದೇ ಬೇಕಾಗಿದ್ದದ್ದು. ಮೊದಮೊದಲು ಏಡಿ ಅಭ್ಯಾಸ ಬಿಡದೆ ಒಂದು ಕಡೆ ವಾಲುತ್ತಿದ್ದೆ, ಆಮೇಲೆ ನೆಟ್ಟಗೆ ಕೂರುವುದು ಬಂತು. ಡೈನಮೋ ದೀಪದ ಬೆಳಕಿನಲ್ಲಿ ತೋಪು ದಾಟುವಾಗ ಭಯವಾಗುತ್ತಿತ್ತು. ದಾಟಿದ ಮೇಲೆ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಹೋಗುವಾಗ ಎಷ್ಟು ಸಂತೋಷವಾಗುತ್ತಿತ್ತೆಂದರೆ, ಒಬ್ಬಳೇ ಜೋರಾಗಿ ನಗುತ್ತಿದ್ದೆ. ಗೇಟಿಗೆ ಎಲ್ಲರಿಗಿಂತ ಮೊದಲು ಮುಟ್ಟುತ್ತಿದ್ದೆ. ಸೂಪರ್‌ವೈಸರ್ ಗಡಿಯಾರ ನೋಡುವುದನ್ನು ಬಿಟ್ಟ. ಬೀಗದ ಕೈಯನ್ನು ಮನೆಯ ಮೊಳೆಗೆ ತೂಗುಹಾಕದೆ, ತಾಳಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡಿದ್ದೆ. ಅಷ್ಟು ಬೇಕಾಗಿರಲಿಲ್ಲ, ಯಾರೂ ಮುಟ್ಟುತ್ತಿರಲಿಲ್ಲ. ಆದರೂ ಇರಲಿ ಅಂತ.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ನನಗೆ ವಾರದ ರಜೆ. ಬೆಳಗ್ಗೆಯಿಂದ ಮನೆಯಲ್ಲಿದ್ದವರೆಲ್ಲ ಸೇರಿ ಸೇವಂತಿಗೆ ಬಿಡಿಸಿ ಮೂಟೆ ಕಟ್ಟಿದ್ದೆವು. ಇಳಿಹೊತ್ತಿಗೆ ಹೊಸಕೋಟೆಯಿಂದ ಬೆಂಗಳೂರಿನ ಮಾರ್ಕೆಟ್ಟಿಗೆ ಹೂವಿನ ಲಾರಿ ಹೊರಡುತ್ತದೆ, ಅದು ತಪ್ಪಿದರೆ ಹೂವಿಗೆ ವರ್ಷದಲ್ಲಿ ಒಂದೇ ದಿನ ಸಿಗುವ ಒಳ್ಳೇ ಗಿರಾಕಿ ತಪ್ಪಿದ ಹಾಗೆ. ಮಾವ ಹಗ್ಗ ತೆಗೆದುಕೊಂಡು ಹಿತ್ತಲಿಗೆ ಹೋದರೆ ಅವರ ಸೈಕಲ್ ಇಲ್ಲ. ಮೈದುನ ತೆಗೆದುಕೊಂಡು ಸಿನಿಮಾಕ್ಕೆ ಹೋಗಿದ್ದ. “ಹೇಳ್ದೆ ಕೇಳ್ದೆ ತಗೊಂಡ್ ಹೋಗ್ಬಿಟ್ನಲ್ಲ ಮುಂಡೇದು!” ಅಂತ ಮಾವ ಕೂಗಾಡಿದರು. ಆ ಮನೆಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ನನಗೆ, ಸುಳ್ಳೇಕೆ, ಸ್ವಲ್ಪ ಖುಷಿಯೇ ಆಯಿತು.

ಆಮೇಲೆ ಕೂಗು ನಿಂತಿತು. ನೋಡಿದರೆ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ. ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು.

“ನಿನ್ ಸೈಕಲ್ಲು ಒಂದ್ ಗಳಿಗೆ ಕೊಡ್ತೀಯೇನಮ್ಮಾ?”

ನನಗೆ ಮರುದಿನ ಹಬ್ಬವಾದರೂ ನಸುಕಿಗೇ ಪಾಳಿ. ಮೂಟೆಯ ಭಾರಕ್ಕೆ ಆ ಸಣ್ಣ ಕ್ಯಾರಿಯರ್ ಬಗ್ಗಿದರೆ, ಜಲ್ಲಿಯಲ್ಲಿ ಟಯರ್ ಒಡೆದರೆ, ಹಬ್ಬದ ದಿನ ಯಾರು ಸರಿಮಾಡಿಕೊಡುತ್ತಾರೆ? ಇಲ್ಲ ಅಂದರೆ ಅವರು ಸುಮ್ಮನೆ ತಿರುಗಿ ಹೋಗುತ್ತಿದ್ದರು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಅಲ್ಲಿಯವರೆಗೆ ಇಲ್ಲ ಅನ್ನಬಹುದಾದ ಮಾತನ್ನು ಆ ಮನೆಯಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಪಿನ್ನು ಬಿಚ್ಚಿ ಬೀಗದ ಕೈ ಕೊಟ್ಟೆ. “ಮುಂದಿನ ಬ್ರೇಕು ಒಂದೇ ಸಲ ಹಿಡೀಬೇಡಿ ಮಾವ, ಎಗರಿಸ್ತದೆ. ಬೆಳಿಗ್ಗೆ ನಂಗೆ ಬೇಕು.”

“ಗೊತ್ತು ಕಣಮ್ಮ” ಅಂದರು.

ಮೂಟೆಯನ್ನು ಎರಡು ಗಂಟು ಮಾಡಿ ಕ್ಯಾರಿಯರ್ ಮೇಲೆ ಕಟ್ಟಿದೆವು. ಉಳಿದ ಹೂವನ್ನು ಬುಟ್ಟಿಗೆ ತುಂಬಿದೆ. ಪಂಚೆ ಎತ್ತಿಕಟ್ಟಿ, ಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತಿದ್ದರೂ ನೆಟ್ಟಗೆ ಕೂತು, ನಮ್ಮ ಮಾವ ಕುಂಕುಮದ ಬಣ್ಣದ ಲೇಡೀಸ್ ಸೈಕಲ್ ತುಳಿಯುತ್ತಾ ಊರ ನಡುವೆಯೇ ಹೋದರು.

ಸಂಜೆ ನನ್ನ ಗಂಡ ಕೆಲಸದಿಂದ ಬಂದವರು ನಗುತ್ತಲೇ ಒಳಗೆ ಬಂದರು. ಹೊಸಕೋಟೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅಪ್ಪ ಲಾರಿಗೆ ಹೂವು ಹಾಕಿ ಬರುತ್ತಿದ್ದದ್ದು ಕಂಡರಂತೆ. ಟೀ ಅಂಗಡಿಯ ಮುಂದೆ ಕೂತಿದ್ದವರೆಲ್ಲ ಹೋ ಅಂತ ಕೂಗಿದರಂತೆ. “ಏನ್ ಗೌಡ್ರೆ, ಬುಟ್ಟಿ ಸೈಕಲ್ ಹತ್ಬಿಟ್ರಿ! ಯಾರ್ದು?”

ಮಾವ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ ಹೇಳಿದರಂತೆ:

“ನಮ್ ಸೊಸೇದು ಕಣಯ್ಯಾ. ಕೇಳಿ ಇಸ್ಕೊಂಡ್ ಬಂದಿದ್ದೀನಿ.”