ಬಾಲದೊಳಗೆ ಅಳಿಲಮ್ಮ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಹ್ಯಾಂಗರಿನಲ್ಲಿ ಎರಡು ಸೀಟಿನ ಹಳೆಯ ವಿಮಾನವೊಂದು ಬಾಗಿಲು ತೆರೆದುಕೊಂಡು ನಿಂತಿದೆ. ಇಣುಕಿದರೆ ಸೀಟುಗಳ ಹಿಂದೆ ಬಾಲದೊಳಕ್ಕೆ ಹೋಗುವ ಕಿಂಡಿಯಲ್ಲಿ ಒಂದು ಜೊತೆ ಕಾಲು ಮಾತ್ರ ಕಾಣುತ್ತದೆ. ಉಣ್ಣೆಯ ಕಾಲುಚೀಲ ತೊಟ್ಟಿವೆ. ಬೂಟು ಕೆಳಗೆ ನೆಲದ ಮೇಲಿದೆ. ಒಳಗಿನಿಂದ ಸ್ಪ್ಯಾನರಿನ ಕಿರ್ ಕಿರ್, ಒಂದು ಕೆಮ್ಮು, ಆಮೇಲೆ ದನಿ.

"ಬಂದ್ರಾ? ಕೂತ್ಕೊಳ್ಳಿ. ಭುಜ ಸಿಕ್ಕಾಕ್ಕೊಂಡಿದೆ, ಬಿಡಿಸ್ಕೊಂಡು ಬರ್ತೀನಿ."

ಹಿಂದಕ್ಕೆ ತೆವಳುತ್ತಾ, ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ನರೆತ ತಲೆ ಹೊರಬರುತ್ತದೆ. ಕೈಯಲ್ಲಿ ಗ್ರೀಸು ಮೆತ್ತಿದ ಒಂದು ನಟ್ಟು. ಅದನ್ನು ಬಟ್ಟೆಯಲ್ಲಿ ಒರೆಸಿ ತಟ್ಟೆಯಲ್ಲಿಡುತ್ತಾರೆ. ಹಾರಾಟ ಕಲಿಸುವ ಈ ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಅಳಿಲಮ್ಮ ಎಂದೇ. ವಯಸ್ಸು ಐವತ್ತಾರು, ಮೈಮೇಲೆ ಮೂಳೆ ಬಿಟ್ಟರೆ ಹೆಚ್ಚೇನಿಲ್ಲ. ಆ ಮೈಕಟ್ಟೇ ಅವರಿಗೆ ಅನ್ನ ಹಾಕಿದ್ದು.

ಪೈಲಟ್ ಮುಂದೆ ಕೂತು ಕೋಲು ಎಳೆದರೆ ಹಿಂದೆ ಬಾಲದ ಪಟ್ಟಿ ಏಳಬೇಕು, ವಿಮಾನದ ಮೂತಿ ಮೇಲಾಗಬೇಕು. ಇವೆರಡರ ನಡುವೆ ಇರುವುದು ತೆಳುವಾದ ಉಕ್ಕಿನ ಕೇಬಲ್ಲು, ಅದು ದಾರಿ ತಪ್ಪದಂತೆ ನೋಡಿಕೊಳ್ಳುವ ಅಂಗೈ ಅಗಲದ ರಾಟೆಗಳು, ಕೀಲುಗಳಲ್ಲಿ ಕೂತು ಸವೆಯುವ ಬುಷ್ಷೆಂಬ ಪುಟ್ಟ ಬಳೆಗಳು, ನಟ್ಟು ಕಳಚದಂತೆ ಸಿಕ್ಕಿಸಿದ ಪಿನ್ನುಗಳು. ಎಲ್ಲವೂ ಜೇಬಿನಲ್ಲಿ ಹಿಡಿಸುವಂಥವು. ಅವನ್ನು ನೋಡುವುದು, ಅಲ್ಲಾಡಿಸುವುದು, ಸವೆದದ್ದನ್ನು ತೆಗೆದು ಹೊಸದನ್ನು ಕೂರಿಸುವುದು ಅಳಿಲಮ್ಮನ ಕೆಲಸ.

ಇವತ್ತು ಮಾತ್ರ ಅವರು ಏನನ್ನೂ ಕೂರಿಸುತ್ತಿಲ್ಲ. ತಾವೇ ಹಾಕಿದ್ದನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಬರುವ ವಾರ ವಿಮಾನ ಗುಜರಿಗೆ ಹೋಗುತ್ತದೆ.

ಅವರನ್ನು ಈ ಕೆಲಸಕ್ಕೆ ಎಳೆದು ತಂದದ್ದು ಭಾವ, ಅಂದರೆ ಅಕ್ಕನ ಗಂಡ. ಕ್ಲಬ್ಬಿನ ಮೆಕ್ಯಾನಿಕ್ ಆಗಿದ್ದ ಆತನಿಗೆ ಮದುವೆಯಾದ ಮೇಲೆ ಹೊಟ್ಟೆ ಬಂತು. "ಅಕ್ಕನ ಕೈ ಅಡುಗೆ ಹಾಗಿತ್ತು," ಎಂದು ಅಳಿಲಮ್ಮ ನಗುತ್ತಾರೆ. "ಒಂದಿನ ಬಾಲದೊಳಗೆ ಅರ್ಧ ಹೋಗಿ ಸಿಕ್ಕಾಕ್ಕೊಂಡು, ಇಬ್ಬರು ಕಾಲು ಹಿಡಿದು ಎಳೆದ್ರಂತೆ. ಮನೆಗೆ ಬಂದು, 'ನೀನೊಂದ್ಸಲ ಒಳಗೆ ಹೋಗ್ಬಿಟ್ಟು ಬಾರಮ್ಮ, ಒಂದೇ ಸಲ' ಅಂದ್ರು. ಆ ಒಂದು ಸಲ ಇನ್ನೂ ಮುಗಿದಿಲ್ಲ ನೋಡಿ."

ಮೂರು ಸಲ ಕೂತು ಪರೀಕ್ಷೆ ಪಾಸು ಮಾಡಿದರು. ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕುವ ಅಧಿಕಾರ ಬಂತು. ಭಾವನದೊಂದು ಕಟ್ಟುನಿಟ್ಟಿತ್ತು: ರಿಪೇರಿ ಮಾಡಿದವರೇ ಮೊದಲ ಹಾರಾಟದಲ್ಲಿ ಜೊತೆಗೆ ಕೂರಬೇಕು. ಅಳಿಲಮ್ಮನಿಗೆ ಎತ್ತರ ಎಂದರೆ ಜೀವ ಬಾಯಿಗೆ ಬರುತ್ತದೆ. ಪ್ರತಿ ಸಲವೂ ಕಣ್ಣು ಮುಚ್ಚಿ ಕೂತರು, ಪ್ರತಿ ಸಲವೂ ವಾಂತಿ ಮಾಡಿಕೊಂಡರು, ಒಂದು ಸಲವೂ ತಪ್ಪಿಸಲಿಲ್ಲ. ಭಾವ ತೀರಿಕೊಂಡ ಮೇಲೂ.

ಒಂದು ಕಾಲಕ್ಕೆ ಇಲ್ಲಿ ನಾಲ್ಕು ವಿಮಾನಗಳಿದ್ದವು. ಬೆಳಗಿನ ಗಾಳಿ ಏಳುವುದರೊಳಗೆ ಹತ್ತು ಹನ್ನೆರಡು ಹಾರಾಟ ಮುಗಿಯುತ್ತಿತ್ತು. ಬಿಡಿಭಾಗ ತಯಾರಿಸುವವರು ನಿಂತುಹೋದಂತೆ, ಒಂದನ್ನು ಬಿಚ್ಚಿ ಮತ್ತೊಂದಕ್ಕೆ ಹಾಕುತ್ತಾ, ನಾಲ್ಕು ಹೋಗಿ ಎರಡಾಯಿತು, ಎರಡು ಹೋಗಿ ಇದೊಂದು ಉಳಿಯಿತು. ಕಳೆದ ವರ್ಷ ವಾರಕ್ಕೆ ಎರಡು ಹಾರಾಟವಾದರೆ ಅದೇ ದೊಡ್ಡದು.

ಹ್ಯಾಂಗರಿನ ಮಾಡು ಸರಿಯಾಗಿ ಇದರ ಬಾಲದ ಮೇಲೆ ಸೋರುತ್ತಿತ್ತು. ವಿಮಾನವನ್ನು ಆಚೆ ಸರಿಸೋಣವೆಂದರೆ ಆ ಕಡೆಯೆಲ್ಲ ಯಾರದೋ ಗೋದಾಮಿಗೆ ಬಾಡಿಗೆಗೆ ಹೋಗಿತ್ತು. ಹೇಳಿದಾಗಲೆಲ್ಲ ಕ್ಲಬ್ಬಿನ ಕಾರ್ಯದರ್ಶಿಗಳು "ನೋಡೋಣ" ಎಂದರು. ಕೊನೆಗೆ ಒಂದು ಬಕೆಟ್ ಕೊಡಿಸಿದರು.

"ಬಕೆಟ್ ನೆಲದ ಮೇಲಿಟ್ಟು ಏನು ಮಾಡ್ಲಿ? ನೀರು ಬೀಳ್ತಿದ್ದದ್ದು ವಿಮಾನದ ಮೇಲೆ," ಎನ್ನುತ್ತಾರೆ ಅಳಿಲಮ್ಮ. ಅವರೇ ಟಾರ್ಪಾಲು ಕಟ್ಟಿದರು. ಗಾಳಿಗೆ ಅದು ಹಾರಿಹೋಯಿತು. ಮತ್ತೆ ಕಟ್ಟಿದರು.

ಎರಡು ತಿಂಗಳ ಹಿಂದೆ ಕೋಲು ಎಳೆಯುವಾಗ ಬಿಗಿ ಎನಿಸುತ್ತದೆ ಎಂದು ಹಾರಾಟದ ಮೇಷ್ಟ್ರು ಹೇಳಿದರು. ಅಳಿಲಮ್ಮ ಒಳಗೆ ತೂರಿದರು. ಅಕ್ಕ ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಅವರ ಹತ್ತಿರ ಉಳಿದ ಹತ್ತಿ ಬಟ್ಟೆಯ ಚೂರುಗಳೇ ಇವರ ಒರೆಗಲ್ಲು. ಬಟ್ಟೆಯನ್ನು ಕೇಬಲ್ಲಿಗೆ ಸುತ್ತಿ ಉದ್ದಕ್ಕೂ ಎಳೆಯುತ್ತಾ ಹೋದರೆ, ಕೂದಲೆಳೆಯಂಥ ತಂತಿ ಒಂದು ಕಡಿದಿದ್ದರೂ ನೂಲು ಸಿಕ್ಕಿಕೊಳ್ಳುತ್ತದೆ. ಕೇಬಲ್ಲು ಚೆನ್ನಾಗಿತ್ತು. ಕೆಟ್ಟಿದ್ದು ಹಿಂದಿನ ರಾಟೆ. ಅದು ತಿರುಗುವುದನ್ನೇ ಬಿಟ್ಟಿತ್ತು. ಕೇಬಲ್ಲು ಅದರ ಮೇಲೆ ಉಜ್ಜಿ ಉಜ್ಜಿ ಒಂದು ಕಡೆ ಸಪಾಟು ಮಾಡಿತ್ತು.

ಹೊಸ ರಾಟೆಗಾಗಿ ಊರೂರು ವಿಚಾರಿಸಿ, ಕೊನೆಗೆ ಎಲ್ಲೋ ಒಂದು ಮುಚ್ಚಿದ ಕ್ಲಬ್ಬಿನ ಉಗ್ರಾಣದಲ್ಲಿ ಸೀಲು ಒಡೆಯದ ಒಂದನ್ನು ಪತ್ತೆ ಹಚ್ಚಿದರು. ಅದು ಬಂದ ದಿನ ಅಳಿಲಮ್ಮನ ಖುಷಿ ಹೇಳತೀರದು. ಹಳೆಯದನ್ನು ಬಿಚ್ಚಿ, ಜಾಗ ಒರೆಸಿ, ಕನ್ನಡಿ ಹಿಡಿದು ಟಾರ್ಚು ಬಿಟ್ಟರು. ರಾಟೆಯ ಮರೆಯಲ್ಲಿದ್ದ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದರೆ ಲೋಹ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳತೊಡಗಿತು. ಒಳಗೆಲ್ಲ ಬಿಳಿ ಪುಡಿ, ನೀರು ಕುಡಿದ ಅಲ್ಯೂಮಿನಿಯಂನ ತುಕ್ಕು. ಬಾಲವನ್ನೇ ಹಿಡಿದು ನಿಲ್ಲಿಸಿದ್ದ ಚೌಕಟ್ಟು ಅದು.

ಹೊರಗೆ ಕಾಯುತ್ತಿದ್ದ ಮೇಷ್ಟ್ರು, "ಆಯ್ತೇನಮ್ಮಾ?" ಎಂದರು.

"ರಾಟೆ ಕೂರಿಸ್ಬಹುದು ಸಾರ್. ಅದು ಕೂತ್ಕೊಳ್ಳೋಕೆ ಜಾಗ ಇಲ್ಲ."

ಮೇಷ್ಟ್ರು ವಿಮಾನದ ರೆಕ್ಕೆ ಹಿಡಿದು ನಿಂತುಬಿಟ್ಟರಂತೆ.

ಒಳಗೆ ಹೋಗಿ ನೋಡಬಲ್ಲವರು ಅಳಿಲಮ್ಮ ಒಬ್ಬರೇ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಂದಷ್ಟು ಕಾಲ ಕೆಲಸ ನಡೆಯುತ್ತಿತ್ತು ಎಂದು ಮನಸ್ಸಿಗೆ ಬರಲಿಲ್ಲವೇ? ಅವರು ಮರೆಮಾಚುವುದಿಲ್ಲ. "ಬಂತು. ಯಾಕೆ ಬರಲ್ಲ? ಮನೆಗೆ ಹೋಗೋ ದಾರೀಲಿ ಪೂರ್ತಿ ಅದೇ ಬಂತು. ಆದ್ರೆ ಆ ಪುಡಿ ಉಗುರೊಳಗೆ ಸೇರ್ಕೊಂಡಿತ್ತು. ಎಷ್ಟು ತೊಳೆದ್ರೂ ಇದೆ ಅನ್ನಿಸ್ತಿತ್ತು."

ಆ ಸಂಜೆ ಅಕ್ಕತಂಗಿ ಇಬ್ಬರೂ ಮರುದಿನ ಆಡಬೇಕಾದ ಮಾತಿನ ತಾಲೀಮು ನಡೆಸಿದರು. ಚೌಕಟ್ಟು ಬದಲಿಸಲು ಆಗದು ಎಂದಲ್ಲ; ಹೊರಗಿನಿಂದ ಜನ ಬರಬೇಕು, ಬಾಲ ಇಳಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೆ ಕಾರ್ಯದರ್ಶಿಗಳನ್ನು ಒಪ್ಪಿಸಬೇಕಿತ್ತು. ಒಪ್ಪದೆ ಹಾಗೇ ಹಾರಿಸಿ ಎಂದರೆ ಜಗಳಕ್ಕೂ ನಿಲ್ಲಬೇಕಿತ್ತು. ಅಕ್ಕ ಹೊಲಿಗೆ ಮಷೀನಿನ ಹಿಂದೆ ಕೂತು, ಗಂಟಲು ಗಡಸು ಮಾಡಿಕೊಂಡು ಕಾರ್ಯದರ್ಶಿಯಾದರು.

"ಇಷ್ಟು ವರ್ಷ ಹಾರಿದ್ದು ಇನ್ನೊಂದು ವರ್ಷ ಹಾರಲ್ವೇನಮ್ಮಾ?"

"ಹಾರುತ್ತೆ ಸಾರ್. ಇಳಿಯೋದು ಹೇಗೆ ಅಂತ ಗೊತ್ತಿಲ್ಲ."

"ಭೇಷ್! ಹಾಗೇ ಹೇಳು, ಬಿಡಬೇಡ ಕಣೇ," ಎಂದು ಅಕ್ಕ ಕತ್ತರಿ ಎತ್ತಿ ಮೇಜಿಗೆ ಕುಟ್ಟಿದರು.

ಮರುದಿನ ಅಳಿಲಮ್ಮ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಫೀಸಿಗೆ ಹೋದರು. ಬಿಳಿ ಪುಡಿಯನ್ನು ಬಟ್ಟೆಚೂರಿನಲ್ಲಿ ಕಟ್ಟಿಕೊಂಡು ಹೋಗಿದ್ದರು. ಕಾರ್ಯದರ್ಶಿಗಳು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಟ್ಟುಸಿರು ಬಿಟ್ಟರು.

"ಸದ್ಯ ಕಣಮ್ಮಾ. ಮುಚ್ಚೋದಕ್ಕೆ ಒಂದು ಕಾರಣ ಬೇಕಿತ್ತು, ಸಿಕ್ತು. ಗೋದಾಮಿನವರು ಪೂರ್ತಿ ಜಾಗ ಕೇಳ್ತಾನೇ ಇದ್ರು."

ಪುಡಿಯ ಗಂಟನ್ನು ಅವರು ಬಿಚ್ಚಿ ನೋಡಲೂ ಇಲ್ಲ. ಅಳಿಲಮ್ಮ ಕಲಿತುಕೊಂಡು ಹೋದ ಮಾತೆಲ್ಲ ಬಾಯಲ್ಲೇ ಉಳಿಯಿತು. ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು.

"ಒಪ್ಕೊಂಡ್ರೇನೇ?"

"ಒಪ್ಕೊಂಡ್ರು. ಜಗಳಾನೇ ಆಗ್ಲಿಲ್ಲ ಅಕ್ಕ."

ಅಷ್ಟು ಹೇಳಿ ಗೋಡೆಗೊರಗಿ ಕೂತವರು ಊಟಕ್ಕೆ ಏಳಲಿಲ್ಲ. "ಗಂಡ ಸತ್ತಾಗ ನಾನು ಅಳ್ತಿದ್ದೆ, ಇವಳು ಓಡಾಡಿದ್ಳು," ಎನ್ನುತ್ತಾರೆ ಅಕ್ಕ. "ಈಗ ಅಳೋದೂ ಇಲ್ಲ, ಓಡಾಡೋದೂ ಇಲ್ಲ. ಏನು ಮಾಡ್ಲಿ ಇವಳನ್ನ?"

ಬೇರೆ ಕೆಲಸ? ಅಳಿಲಮ್ಮ ತಲೆಯಾಡಿಸುತ್ತಾರೆ. "ಇಂಥ ವಿಮಾನ ಸುತ್ತಮುತ್ತ ಎಲ್ಲೂ ಇಲ್ಲ. ಇದ್ರೂ ಈ ವಯಸ್ಸಿನ ಹೆಂಗಸನ್ನ ಯಾರು ಬಾಲದೊಳಗೆ ತೂರಿಸ್ತಾರೆ ಹೇಳಿ? ನನಗೆ ಗೊತ್ತಿರೋದು ಇದೊಂದೇ. ಇದು ಇನ್ನು ಯಾರಿಗೂ ಬೇಡ."

ಗುಜರಿಯವರಿಗೆ ಅಲ್ಯೂಮಿನಿಯಂ ಬೇರೆ, ಉಕ್ಕು ಬೇರೆ ಬೇಕಂತೆ. ಕೇಬಲ್ಲು ಕತ್ತರಿಸಿ ಎಳೆದು ಹಾಕಿ ಎಂದು ಕಾರ್ಯದರ್ಶಿಗಳು ದೊಡ್ಡದೊಂದು ಕಟರ್ ಕಳಿಸಿದ್ದರು. ಅದು ಮೂಲೆಯಲ್ಲಿ ಬಿದ್ದಿದೆ. ಅಳಿಲಮ್ಮ ಪಿನ್ನು ನೆಟ್ಟಗೆ ಮಾಡಿ ಎಳೆಯುತ್ತಾರೆ, ನಟ್ಟು ಸಡಿಲಿಸುತ್ತಾರೆ, ಬೋಲ್ಟು ಕಳಚುತ್ತಾರೆ, ರಾಟೆಯನ್ನು ಒಮ್ಮೆ ಬೆರಳಿನಿಂದ ತಿರುಗಿಸಿ ನೋಡಿ ಕೆಳಗಿಡುತ್ತಾರೆ. ಯಾರಿಗೋಸ್ಕರ ಇಷ್ಟು ಜೋಪಾನ ಎಂದು ಕೇಳಿದರೆ, "ಕತ್ತರಿಸೋಕೆ ಕೈ ಬರಲ್ಲ," ಎಂದಷ್ಟೇ ಹೇಳಿ ಮತ್ತೆ ಒಳಗೆ ತೂರುತ್ತಾರೆ.

ಬಿಸಿಲೇರಿದ ಮೇಲೆ ಕಾರ್ಯದರ್ಶಿಗಳು ಬಂದು ಹ್ಯಾಂಗರಿನ ಬಾಗಿಲಲ್ಲಿ ನಿಲ್ಲುತ್ತಾರೆ. ಲಾರಿ ಸೋಮವಾರ ಬರುತ್ತದೆ ಎನ್ನುತ್ತಾರೆ. ಕಾಲುಗಳು ಹೊರಗೆ ಸರಿಯುತ್ತವೆ. ಅಳಿಲಮ್ಮ ಕಿಂಡಿಯಲ್ಲೇ ಕೂತು ಕೈ ಒರೆಸಿಕೊಳ್ಳುತ್ತಾರೆ.

"ಸಾರ್, ಸೋಮವಾರ ನನಗೆ ರಜೆ ಬೇಕು."

ಕಾರ್ಯದರ್ಶಿಗಳಿಗೆ ನಗು ಬರುತ್ತದೆ. ಕೆಟ್ಟ ನಗುವಲ್ಲ. "ಭಾನುವಾರಕ್ಕೆ ನಿಮ್ಮ ನೌಕರೀನೇ ಮುಗಿಯುತ್ತಲ್ಲಮ್ಮಾ. ಸೋಮವಾರಕ್ಕೆ ರಜೆ ಯಾಕೆ?"

"ಆದ್ರೂ ರಜೆ ಅಂತಾನೇ ಬರ್ಕೊಳ್ಳಿ ಸಾರ್."